ಬೋಡನ್‌ಸೇ ದಂಡೆಯ ಬಾಡಿಗೆ ಮನೆ

ವಿದೇಶದಲ್ಲಿ ಮಕ್ಕಳಿರುವವರು ಊರಿಗೆ ಬಂದು ಹೇಳುವ ಕಥೆಗಳಲ್ಲಿ ಮುಗಿಲೆತ್ತರದ ಕಟ್ಟಡ, ಅಗಲವಾದ ರಸ್ತೆ, ದೊಡ್ಡ ಮಾಲ್ ಇವೇ ಹೆಚ್ಚು. ನನ್ನ ಮಗಳು, ಅಳಿಯ ಇರುವ ಊರಿನಲ್ಲಿ ಅಂಥದ್ದೇನೂ ಇಲ್ಲ. ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಬೋಡನ್‌ಸೇ ಎಂಬ ಸರೋವರದ ದಂಡೆಯ ಮೇಲಿರುವ ಫ್ರೀಡ್ರಿಶ್‌ಹಾಫೆನ್ ಅದು. ಜನಸಂಖ್ಯೆ ಸುಮಾರು 60 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರ. 90 ದಿನಗಳ ವೀಸಾದ ಮೇಲೆ ನಾನೂ ನನ್ನಾಕೆಯೂ ಮೂರು ಬೇಸಿಗೆ ಅಲ್ಲಿ ಇದ್ದು ಬಂದಿದ್ದೇವೆ.

ಸರೋವರ 63 ಕಿಲೋಮೀಟರ್ ಉದ್ದ. ತೀರಾ ಆಳವಾದ ಕಡೆ 251 ಮೀಟರ್. ಎದುರು ದಡ ಸ್ವಿಟ್ಜರ್ಲೆಂಡ್, ಪೂರ್ವದ ಮೂಲೆ ಆಸ್ಟ್ರಿಯಾ. ಕಾರು, ಸೈಕಲ್, ಜನರನ್ನೆಲ್ಲ ಹೊತ್ತ ಹಡಗು ಸುಮಾರು 40 ನಿಮಿಷದಲ್ಲಿ ಆಚೆ ದಡ ಮುಟ್ಟಿಸುತ್ತದೆ. ಇದರಲ್ಲೊಂದು ತಮಾಷೆಯಿದೆ. ಸರೋವರದ ದೊಡ್ಡ ಭಾಗದಲ್ಲಿ ಮೂರು ದೇಶಗಳ ಗಡಿ ಎಲ್ಲಿದೆ ಎಂದು ಇವತ್ತಿನವರೆಗೂ ತೀರ್ಮಾನವಾಗಿಲ್ಲ! ನಡುನೀರಿನಲ್ಲಿ ಗಡಿ ಅನ್ನುತ್ತದೆ ಸ್ವಿಟ್ಜರ್ಲೆಂಡ್. ನೀರೆಲ್ಲ ಮೂವರಿಗೂ ಸೇರಿದ್ದು ಅನ್ನುತ್ತದೆ ಆಸ್ಟ್ರಿಯಾ. ಜರ್ಮನಿ ಸ್ಪಷ್ಟವಾಗಿ ಏನೂ ಹೇಳುವುದಿಲ್ಲ. ಆದರೂ ಹಡಗು ಓಡಾಡುತ್ತದೆ, ಮೀನು ಹಿಡಿಯುವವರು ಮೀನು ಹಿಡಿಯುತ್ತಾರೆ. ನಮ್ಮಲ್ಲಿ ಎರಡು ಸೈಟಿನ ನಡುವಿನ ಕಲ್ಲು ಒಂದಡಿ ಸರಿದರೆ ಕೋರ್ಟು ಹತ್ತುತ್ತೇವೆ.

ಇಂಥ ಊರಿಗೆ ಕನ್ನಡದವರು ಹೇಗೆ ಬಂದರು ಎಂದು ನೀವು ಕೇಳಬಹುದು. ಕೌಂಟ್ ಜೆಪ್ಪೆಲಿನ್ ಅವರ ಮೊದಲ ಆಕಾಶನೌಕೆ ಈ ಸರೋವರದ ಮೇಲೆಯೇ 1900ರ ಜುಲೈ 2ರಂದು ಹಾರಿತು. ಆ ನೌಕೆಗಳಿಗೆ ಗೇರ್ ಮಾಡಲೆಂದು 1915ರಲ್ಲಿ ಶುರುವಾದ ಕಾರ್ಖಾನೆ ಈಗ ಜಗತ್ತಿನ ವಾಹನಗಳಿಗೆಲ್ಲ ಗೇರ್‌ಬಾಕ್ಸ್ ಕೊಡುತ್ತದೆ. ಎಂಜಿನಿಯರುಗಳು ಬೇಕು, ಬೆಂಗಳೂರು, ಪುಣೆಯಿಂದ ಬರುತ್ತಾರೆ. ಅಳಿಯ ಬಂದದ್ದೂ ಇಂಥದ್ದೇ ಕೆಲಸಕ್ಕೆ, ಮೊಮ್ಮಗಳಿಗೆ ಆಗ ಎರಡು ವರ್ಷ. ಈಗ ಒಂಬತ್ತು.

ದಿನಚರಿಯ ವಿಷಯಕ್ಕೆ ಬರೋಣ. ಭಾನುವಾರ ಅಂಗಡಿ ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ಮನೆಗೆ ಬರಬೇಕು. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದೂ ಭಾನುವಾರ ನಿಷಿದ್ಧ, ಸದ್ದಾಗುತ್ತದೆಂದು. ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ 25 ಸೆಂಟ್ ಠೇವಣಿ ವಾಪಸ್. ಈ ಖಾತೆ ಮೊಮ್ಮಗಳದು, ಒಂದು ಪೈಸೆ ಬಿಡುವವಳಲ್ಲ. ಚಳಿಗೆ ದೋಸೆ ಹಿಟ್ಟು ಹುಳಿಯುವುದಿಲ್ಲ; ಅವನ್ನಿನೊಳಗೆ ಪಾತ್ರೆಯಿಟ್ಟು ಬರೀ ದೀಪ ಹಾಕಿ ಬಿಟ್ಟರೆ ಬೆಳಗ್ಗೆ ಉಕ್ಕಿರುತ್ತದೆ. ಇದನ್ನು ನನ್ನಾಕೆಗೆ ಕಲಿಸಿದ್ದು ಮಗಳು, ಅಮ್ಮ ಮಗಳಿಗಲ್ಲ.

ಊರಾಚೆ ಸೇಬಿನ ತೋಟಗಳು. ರಸ್ತೆ ಬದಿಯ ಮರದ ಗೂಡಿನಲ್ಲಿ ಸೇಬಿನ ಚೀಲ, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ. ಕಾಯುವವರು ಯಾರೂ ಇಲ್ಲ. ಮೂವತ್ತನಾಲ್ಕು ವರ್ಷ ಕ್ಯಾಷ್ ಕೌಂಟರಿನಲ್ಲಿ ಕುಳಿತು, ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದಿದ್ದವನು ನಾನು. ಆ ಡಬ್ಬಿಯ ಎದುರು ಮೊದಲ ಸಲ ಬಹಳ ಹೊತ್ತು ನಿಂತಿದ್ದೆ. ದಂಡೆಯುದ್ದಕ್ಕೂ ಕಿತ್ತಳೆ ಬಣ್ಣದ ಎಚ್ಚರಿಕೆಯ ದೀಪಗಳಿವೆ: ಜೋರು ಗಾಳಿ ಬರುವಂತಿದ್ದರೆ ನಿಮಿಷಕ್ಕೆ 40 ಸಲ, ಬಿರುಗಾಳಿಯಾದರೆ 90 ಸಲ ಮಿನುಗುತ್ತವೆ. ನೋಟು ಎಣಿಸಿದ ಅಭ್ಯಾಸ ನೋಡಿ, ಒಂದು ಸಂಜೆ ಗಡಿಯಾರ ಹಿಡಿದು ಎಣಿಸಿದೆ. ಲೆಕ್ಕ ಸರಿಯಿತ್ತು.

ಇದೇ ಸರೋವರದ ಸಿಪ್ಲಿಂಗೆನ್ ಎಂಬಲ್ಲಿ 60 ಮೀಟರ್ ಆಳದಿಂದ ನೀರೆತ್ತಿ, ಸ್ಟುಟ್‌ಗಾರ್ಟ್ ನಗರವೂ ಸೇರಿ ಸುಮಾರು 40 ಲಕ್ಷ ಜನರಿಗೆ ಕುಡಿಯಲು ಕೊಡುತ್ತಾರೆ. 1970ರ ದಶಕದಲ್ಲಿ ಸಾಬೂನು, ಚರಂಡಿಗಳ ರಂಜಕ ಸೇರಿ ನೀರು ಕೆಟ್ಟಿತ್ತಂತೆ. ಸುತ್ತಲಿನ ದೇಶಗಳು ಕೂಡಿ ಶುದ್ಧೀಕರಣ ಘಟಕ ಕಟ್ಟಿದವು, ಸರೋವರ ಚೇತರಿಸಿಕೊಂಡಿತು. ನೊರೆ ಉಕ್ಕಿಸಿದ ನಮ್ಮ ಬೆಳ್ಳಂದೂರು ಕೆರೆ ಒಂದೇ ನಗರದೊಳಗಿದೆ. ಇರಲಿ.

ಮಗಳ ಕಟ್ಟಡದಲ್ಲಿ ಆರು ಮನೆ. ಅಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ: ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಚಿಕ್ಕ ಹಲಗೆ ನೇತುಬೀಳುತ್ತದೆ. ಮೊದಲ ವರ್ಷ ಎದುರುಮನೆಯ ಅಜ್ಜಿ ಮಗಳಿಗೆ ನಮಸ್ಕಾರ ಬಿಟ್ಟು ಬೇರೆ ಮಾತೇ ಆಡಿರಲಿಲ್ಲವಂತೆ. ಮಗಳು ಜ್ವರದಲ್ಲಿ ಮಲಗಿದ್ದ ವಾರ ಹಲಗೆ ಇದ್ದಕ್ಕಿದ್ದಂತೆ ಅಜ್ಜಿಯ ಬಾಗಿಲಿಗೆ ಹೋಗಿತ್ತು. ಮುಂದಿನ ವಾರ ಮಗಳು ತಾನಾಗಿ ಅಜ್ಜಿಯ ಸರದಿ ಮಾಡಿದಳು. ಅಲ್ಲಿಂದ ಅಜ್ಜಿ ಮೊಮ್ಮಗಳ ಜರ್ಮನ್ ಪಾಠ ನೋಡಿಕೊಳ್ಳುತ್ತಾರೆ. ನಮ್ಮ ಮನೆಯ ಚಿತ್ರಾನ್ನ ಅವರಿಗೆ ಹೋಗುತ್ತದೆ, ಮೆಣಸಿನಕಾಯಿ ಇಲ್ಲದ್ದು.

1963ರ ಚಳಿಗಾಲದಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟಿದ್ದಾಗ ಜನ ನಡೆದೇ ಆಚೆ ದೇಶಕ್ಕೆ ಹೋದರೆಂದು ಅಜ್ಜಿ ಹೇಳಿದರು. ಆಗ ಈ ದಡದ ಹಾಗ್ನೌ ಎಂಬ ಹಳ್ಳಿಯಿಂದ ಸಂತ ಜಾನ್ ಅವರ ಮೂರ್ತಿಯನ್ನು ಮೆರವಣಿಗೆಯಲ್ಲಿ ಹಿಮದ ಮೇಲೆ ಹೊತ್ತು ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್‌ಲಿಂಗೆನ್‌ಗೆ ಕೊಟ್ಟರು. ಮತ್ತೆ ಸರೋವರ ಹೆಪ್ಪುಗಟ್ಟಿದಾಗಲೇ ಅದು ಈಚೆಗೆ ಬರಬೇಕು. ಅರವತ್ತು ವರ್ಷ ಮೀರಿತು, ಇನ್ನೂ ಆಚೆಯೇ ಇದೆ. ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ನನ್ನಾಕೆ, "ಪಾಪ, ಹಡಗಲ್ಲಿ ಕರ್ಕೊಂಡು ಬರಬಾರದಾ?" ಎಂದಳು.

ಅವಳ ಮನಸ್ಸಿನಲ್ಲಿದ್ದದ್ದು ಬೇರೆ. 2024ರ ಹೊಸ ಕಾನೂನಿನಂತೆ ಐದು ವರ್ಷ ನೆಲೆಸಿದವರು ಜರ್ಮನಿಯ ಪೌರತ್ವ ಕೇಳಬಹುದು. ಹಳೆಯದನ್ನು ಬಿಡಬೇಕೆಂದು ಜರ್ಮನಿ ಹೇಳುವುದಿಲ್ಲ. ಆದರೆ ನಮ್ಮ ದೇಶ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ, ಭಾರತದ ಪಾಸ್‌ಪೋರ್ಟ್ ಒಪ್ಪಿಸಲೇಬೇಕು. ಈ ಸಲ ಮಗಳು ಅರ್ಜಿ ತಂದಿಟ್ಟಿದ್ದಳು. "ಅಪ್ಪಾ, ನೀವು ಒಂದ್ಸಲ ನೋಡಿ. ಕಾಲಂ ತುಂಬೋದು ನಿಮಗೆ ಗೊತ್ತಲ್ಲ" ಎಂದಳು. ಕೇಳಿದ್ದು ಕಾಲಮ್ಮಿನ ವಿಷಯವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳಮ್ಮ ಅಡುಗೆಮನೆಯಿಂದಲೇ, "ಕೊಟ್ಬಿಟ್ರೆ ನಮ್ಮೂರಿಗೆ ಬರೋಕೆ ಇವಳು ಪರದೇಶದೋಳು ಅಂತ ಬರ್ಕೊಡಬೇಕಾ?" ಎಂದಳು. ಸಾಗರೋತ್ತರ ಭಾರತೀಯರ ಕಾರ್ಡು ಇದೆ, ಬರಹೋಗಲು ಅಡ್ಡಿಯಿಲ್ಲ, ಮತದಾನ ಮಾತ್ರ ಇಲ್ಲ ಎಂದು ವಿವರಿಸಿದೆ. ಅವಳಿಗೆ ಬೇಕಾದ ಉತ್ತರ ಅದಾಗಿರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸಹಿ ಹಾಕುವವಳು ಅವಳು, ನಿರ್ಧಾರವೂ ಅವಳದೇ. ಅಷ್ಟೇ ಹೇಳಿ ಅರ್ಜಿ ಹಿಂದಿರುಗಿಸಿದೆ. ರಾತ್ರಿ ನಿದ್ದೆ ಮಾತ್ರ ತಡವಾಗಿ ಬಂತು.

ನಾವು ಹೊರಟ ದಿನವೂ ಅರ್ಜಿ ಫ್ರಿಜ್ಜಿನ ಮೇಲಿತ್ತು, ಸಹಿಯ ಜಾಗ ಖಾಲಿ. ಆ ವಾರದ ಹಲಗೆ ಮಗಳ ಬಾಗಿಲಲ್ಲಿತ್ತು. ನಮ್ಮ ಸೂಟ್‌ಕೇಸು ಇಳಿಸುವ ಮೊದಲೇ ಮೊಮ್ಮಗಳು ಪೊರಕೆ ಹಿಡಿದು, "ತಾತ, ಸ್ವಲ್ಪ ತಾಳಿ, ಮೇಲಿನ ಮೆಟ್ಟಿಲು ಇನ್ನೂ ಆಗಿಲ್ಲ" ಎಂದಳು.