ಒಂದು ಲೋಟ ಕಾಫಿ, ಒಂದು ರಾಜೀನಾಮೆ

ನಾಲ್ಕು ತಿಂಗಳ ಹಿಂದಿನ ಮಾತು. ಸಂಜೆಯ ಹೊತ್ತು ಕ್ಲಿನಿಕ್‌ಗೆ ಗಂಡ ಹೆಂಡತಿ ಬಂದರು. ಗಂಡನಿಗೆ 48 ವರ್ಷ. ಎದೆಯುರಿ, ತಲೆನೋವು, ರಾತ್ರಿ ನಿದ್ದೆಯಿಲ್ಲ ಎಂಬ ದೂರು. "ಗ್ಯಾಸ್ ಅನ್ಸುತ್ತೆ ಸಾರ್, ಒಂದು ಮಾತ್ರೆ ಬರ್ಕೊಡಿ ಸಾಕು" ಎಂದು ರೋಗವನ್ನೂ ಚಿಕಿತ್ಸೆಯನ್ನೂ ತಾವೇ ಹೇಳಿ ಮುಗಿಸಿದರು. ಎದೆಯ ಯಾವ ನೋವಿಗೂ ಗ್ಯಾಸ್ ಎಂದು ಹೆಸರಿಡುವುದು ನಮ್ಮ ಕಡೆಯ ರೂಢಿ. ಐವತ್ತರ ಹತ್ತಿರದವರು ಎದೆಯುರಿ ಎಂದು ಬಂದರೆ ಮೊದಲು ಇ.ಸಿ.ಜಿ. ತೆಗೆಸುವುದು ನನ್ನ ರೂಢಿ. ಇ.ಸಿ.ಜಿ. ಸರಿಯಾಗಿಯೇ ಇತ್ತು. ಆದರೆ ರಕ್ತದೊತ್ತಡ 160/100. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ 156/98.

"ಕೆಲಸದಲ್ಲಿ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದೆ. ಉತ್ತರ ಕೊಟ್ಟವರು ಹೆಂಡತಿ. "ಕೆಲಸ ಎಲ್ಲಿದೆ ಡಾಕ್ಟ್ರೇ? ಬಿಟ್ಟು ಇಪ್ಪತ್ತು ದಿನ ಆಯ್ತು. ಕಾಫಿ ಕೊಡಲಿಲ್ಲ ಅಂತ ಬಿಟ್ಟು ಬಂದಿದಾರೆ."

ನನಗೆ ನಗು ಬಂತು. "ಏನ್ರೀ ಇದು, ಒಂದು ಲೋಟ ಕಾಫಿಗೆ 19 ವರ್ಷದ ಕೆಲಸ ಬಿಟ್ಟುಬಿಟ್ರಾ?" ಎಂದೂ ಅಂದುಬಿಟ್ಟೆ. ಆ ಮನುಷ್ಯ ಏನೂ ಹೇಳದೆ ಗೋಡೆಯ ಕಡೆ ನೋಡಿದರು. ಕೇಳಬಾರದ್ದನ್ನು ಕೇಳಿದೆ ಎಂದು ನನಗೆ ಆಗಲೇ ಅರಿವಾಯಿತು.

ಅವರು ಜವಳಿ ಅಂಗಡಿಯೊಂದರ ಸೀರೆ ವಿಭಾಗದಲ್ಲಿದ್ದವರು. ದಾವಣಗೆರೆಯಲ್ಲಿ ಜವಳಿ ಅಂಗಡಿಗಳಿಗೆ ಕೊರತೆಯಿಲ್ಲ, ಗುರುತು ಸಿಗದಂತೆ ಕೆಲವು ವಿವರಗಳನ್ನು ನಾನು ಬದಲಾಯಿಸಿಯೂ ಇದ್ದೇನೆ. ಹಾಗಾಗಿ ಓದುಗರು ಯಾವ ಅಂಗಡಿ ಎಂದು ಹುಡುಕಲು ಹೋಗಬೇಡಿ. ಯಾವ ಮನೆಯವರು ಧಾರೆಗೆ ಯಾವ ಬಣ್ಣ ಕೇಳುತ್ತಾರೆ, ಯಾರು ಎಷ್ಟು ಚೌಕಾಸಿ ಮಾಡುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮದುವೆ ಸುಗ್ಗಿಯಲ್ಲಿ ರಾತ್ರಿ ಹತ್ತಾದರೂ ಮನೆಗೆ ಹೋದವರಲ್ಲ, ಅದಕ್ಕೆ ಓವರ್‌ಟೈಮ್ ಕೇಳಿದವರೂ ಅಲ್ಲ. ಆ ಅಂಗಡಿಯಲ್ಲಿ ದಿನಾ ನಾಲ್ಕು ಗಂಟೆಗೆ ಪಕ್ಕದ ಹೋಟೆಲಿನಿಂದ ಎಲ್ಲರಿಗೂ ಕಾಫಿ ಬರುತ್ತಿತ್ತು. ದೊಡ್ಡ ಸಾಹುಕಾರರಿಗೆ ವಯಸ್ಸಾಗಿ ಮಗ ಗಲ್ಲಾಪೆಟ್ಟಿಗೆಯಲ್ಲಿ ಕೂತ ಮೇಲೆ ಅದು ನಿಂತಿತು.

ಮಗನ ಲೆಕ್ಕವೇನೂ ತಪ್ಪಲ್ಲ. ಹನ್ನೆರಡು ಜನ, 15 ರೂಪಾಯಿಯ ಕಾಫಿ, ತಿಂಗಳಿಗೆ 26 ದಿನ. ವರ್ಷಕ್ಕೆ ಐವತ್ತಾರು ಸಾವಿರ ದಾಟುತ್ತದೆ. ವ್ಯಾಪಾರ ಇಳಿದಿರುವ ಕಾಲದಲ್ಲಿ ಅದು ಚಿಲ್ಲರೆ ಹಣವಲ್ಲ. ಆದರೆ ನಿಲ್ಲಿಸುವ ಮುಂಚೆ ಯಾರಿಗೂ ಒಂದು ಮಾತು ಹೇಳಲಿಲ್ಲ. ಗಿರಾಕಿಗಳಿಗೂ ಗಲ್ಲಾದವರಿಗೂ ಕಾಫಿ ಬರುವುದು ನಿಲ್ಲಲಿಲ್ಲ. ಮದುವೆ ಜವಳಿಗೆ ಬಂದವರಿಗೆ ಫ್ಲಾಸ್ಕಿನಿಂದ ಬಗ್ಗಿಸಿ ಕೊಡುವುದು ಇದೇ ಮನುಷ್ಯನ ಕೆಲಸವಾಯಿತು. ಒಂದು ದಿನ ಮೆಲ್ಲಗೆ ಕೇಳಿದ್ದಕ್ಕೆ, ಹೊಸ ಹುಡುಗರೆಲ್ಲ ನಿಂತಿದ್ದಾಗಲೇ, "ಬೇಕಿದ್ರೆ ದುಡ್ಡು ಕೊಟ್ಟು ತರಿಸ್ಕೊಳ್ಳಿ" ಎಂಬ ಉತ್ತರ ಬಂತು. ಎರಡು ತಿಂಗಳು ಹಾಗೇ ಕಳೆದು, ಒಂದು ಶನಿವಾರ ಗೋಡೌನಿನ ಬೀಗದ ಕೈ ಮೇಜಿನ ಮೇಲಿಟ್ಟು ಎದ್ದು ಬಂದರು.

ತಲೆನೋವಿನ ಬಗ್ಗೆ ನನಗೆ ಒಂದು ಅನುಮಾನ ಬಂದಿತ್ತು. ದಿನಾ ತಪ್ಪದೆ ಕಾಫಿ ಕುಡಿಯುವವರು ಥಟ್ಟನೆ ಬಿಟ್ಟರೆ ಕೆಫೀನ್ ಸಿಗದೆ ತಲೆ ಸಿಡಿಯುತ್ತದೆ. ಒಂದು ದಿನದೊಳಗೆ ಶುರುವಾಗಿ, ಎರಡನೆಯ ದಿನ ಜೋರಾಗಿ, ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಉಪವಾಸದ ದಿನ ತಲೆನೋವು ಬರುವ ಹಲವರಿಗೆ ಹಸಿವಿನ ಜೊತೆ ಇದೂ ಕಾರಣ. ನಾನು ಇದನ್ನು ವಿವರಿಸುತ್ತಿದ್ದಾಗ ಹೆಂಡತಿ ತಡೆದರು. "ಇವರು ಕಾಫಿ ಕುಡಿಯೋರೇ ಅಲ್ಲ ಡಾಕ್ಟ್ರೇ. ಮನೇಲಿ ಟೀ. ಅಂಗಡೀಲಿ ಎರಡು ಗುಟುಕು ಕುಡಿದು ಉಳಿದಿದ್ದು ಮಡಿಕೆ ಹಾಕೋ ಹುಡುಗನಿಗೆ ಕೊಡ್ತಿದ್ರಂತೆ."

ಅಲ್ಲಿಗೆ ನನ್ನ ಕೆಫೀನ್ ಪಾಠ ಮುಗಿಯಿತು.

ಹಾಗಾದರೆ ಹೋದದ್ದೇನು? ಜರ್ಮನಿಯ ಸಮಾಜ ವಿಜ್ಞಾನಿ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಮನುಷ್ಯ ಕೆಲಸಕ್ಕೆ ಹಾಕುವ ಶ್ರಮಕ್ಕೆ ಪ್ರತಿಫಲ ಸಂಬಳ ಒಂದೇ ಅಲ್ಲ. ಮರ್ಯಾದೆ ಮತ್ತು ಕೆಲಸದ ಭದ್ರತೆ ಕೂಡ ಅದರಲ್ಲಿ ಸೇರಿವೆ. ಹಾಕಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗದೆ ಬಹಳ ಕಾಲ ನಡೆದರೆ ದೇಹ ಕೆಡಲು ಶುರುವಾಗುತ್ತದೆ ಎಂಬುದು ಅವರ ವಾದ. ನಮ್ಮ ಸೀರೆ ಅಂಗಡಿಯವರ ವಿಷಯದಲ್ಲಿ ಸಂಬಳ ಎಂದೂ ಶ್ರಮಕ್ಕೆ ತಕ್ಕಂತಿರಲಿಲ್ಲ. ಆ ಕೊರತೆಯನ್ನು ನಾಲ್ಕು ಗಂಟೆಯ ಲೋಟ ತುಂಬಿಕೊಡುತ್ತಿತ್ತು. "ನೀನೂ ಈ ಅಂಗಡಿಯವನು" ಎಂದು ದಿನಕ್ಕೊಮ್ಮೆ ಯಾರೋ ಹೇಳಿದಂತೆ.

ಅವಮಾನವನ್ನು ದೇಹ ಅಪಾಯದಂತೆಯೇ ಓದುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಸುರಿಯುವ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಹಾರ್ಮೋನುಗಳೇ ಇಲ್ಲಿಯೂ ಸುರಿಯುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಕುತ್ತಿಗೆಯ ಸ್ನಾಯುಗಳು ಗಂಟಾಗುತ್ತವೆ, ಜೀರ್ಣಕ್ರಿಯೆ ಕೆಡುತ್ತದೆ. ನಾಯಿಯಾದರೆ ಓಡಿ ಪಾರಾಗುತ್ತೇವೆ, ಐದು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತದೆ. ಅಂಗಡಿಯಲ್ಲಿ ನಾಲ್ಕು ಗಂಟೆ ದಿನಾ ಬರುತ್ತದೆ. ಸಂಜೆ ಆದದ್ದನ್ನು ರಾತ್ರಿ ಹಾಸಿಗೆಯಲ್ಲಿ ಮತ್ತೆ ಹತ್ತು ಸಲ ಮನಸ್ಸಿನಲ್ಲಿ ನಡೆಸಿಕೊಂಡರೆ ಹತ್ತು ಸಲವೂ ದೇಹ ಅದೇ ಕೆಲಸ ಮಾಡುತ್ತದೆ. ನಿದ್ದೆ ಕೆಟ್ಟರೆ ರಾತ್ರಿ ಇಳಿಯಬೇಕಾದ ರಕ್ತದೊತ್ತಡ ಸರಿಯಾಗಿ ಇಳಿಯುವುದಿಲ್ಲ.

ಇದು ವೈದ್ಯರ ಊಹೆ ಮಾತ್ರವಲ್ಲ. ಬ್ರಿಟನ್ನಿನ 10,308 ಸರ್ಕಾರಿ ನೌಕರರನ್ನು 1985ರಿಂದ ವರ್ಷಗಟ್ಟಲೆ ಗಮನಿಸಿದ ಎರಡನೆಯ ವೈಟ್‌ಹಾಲ್ ಅಧ್ಯಯನ ಪ್ರಸಿದ್ಧವಾದದ್ದು. ಮೇಲಧಿಕಾರಿಗಳು ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂದು ಭಾವಿಸಿದ್ದ ಗಂಡಸು ನೌಕರರಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತು ಎಂಬ ವರದಿ ಆ ಅಧ್ಯಯನದಿಂದ 2005ರಲ್ಲಿ ಬಂತು. ಆದರೆ ಅನ್ಯಾಯವೊಂದೇ ಹೃದಯಾಘಾತ ತರುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಬೀಡಿ, ಉಪ್ಪು, ಬೊಜ್ಜು, ಸಕ್ಕರೆ ಕಾಯಿಲೆ ತಮ್ಮ ಕೆಲಸ ತಾವು ಮಾಡುತ್ತಲೇ ಇರುತ್ತವೆ.

ಅಮೆರಿಕದ ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಮಾಲೀಕರೆಲ್ಲ ತಿಳಿಯಬೇಕಾದದ್ದು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರದ ಮಟ್ಟಿಗೆ ಶೇ 15ರಷ್ಟು ಸಂಬಳ ಕಡಿತ ಮಾಡಬೇಕಾಗಿ ಬಂತು. ಒಂದರಲ್ಲಿ ಕಂಪನಿಯ ಮುಖ್ಯಸ್ಥರು ಎಲ್ಲರನ್ನೂ ಸೇರಿಸಿ, ಏಕೆ ಹೀಗಾಯಿತು ಎಂದು ಲೆಕ್ಕ ತೋರಿಸಿ, ವಿಷಾದ ಹೇಳಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಇನ್ನೊಂದರಲ್ಲಿ ಸ್ವಲ್ಪ ಹೊತ್ತಿನಲ್ಲಿ ವಿಷಯ ತಿಳಿಸಿ ಮುಗಿಸಿದರು. ಎರಡನೆಯ ಕಾರ್ಖಾನೆಯಲ್ಲಿ ಕಳ್ಳತನ ಹೆಚ್ಚಾಯಿತು, ಕೆಲಸ ಬಿಟ್ಟು ಹೋದವರೂ ಅಲ್ಲಿಯೇ ಹೆಚ್ಚು. ಕಡಿತವಾದ ಹಣ ಎರಡು ಕಡೆಯೂ ಒಂದೇ ಪ್ರಮಾಣದ್ದು.

ಇಷ್ಟೆಲ್ಲ ಬರೆಯುವ ನಾನೇ ಇಂಥ ತಪ್ಪು ಮಾಡಿದವನು.

2017ರ ಮಳೆಗಾಲ. ನನ್ನ ಕ್ಲಿನಿಕ್‌ನಲ್ಲಿ ಒಂಬತ್ತು ವರ್ಷದಿಂದ ಒಬ್ಬ ಸಿಸ್ಟರ್ ಇದ್ದರು. ವಾಂತಿ ಭೇದಿಯಿಂದ ಒಣಗಿಹೋದ ಮಗುವಿಗೂ ಒಂದೇ ಸಲಕ್ಕೆ ನರ ಹುಡುಕಿ ಡ್ರಿಪ್ ಹಾಕುವ ಕೈ ಅವರದು. ಕ್ಲಿನಿಕ್ ಮುಚ್ಚುವಾಗ ರಾತ್ರಿ ಒಂಬತ್ತು. ಒಂದು ದಿನ ಅವರು, "ಸಾರ್, ಜೋರು ಮಳೆ ಬಂದ ದಿನ ಮಾತ್ರ ಆಟೋ ಚಾರ್ಜ್ ಕೊಡ್ತೀರಾ?" ಎಂದು ಕೇಳಿದರು. ಆಗ 60 ರೂಪಾಯಿಯ ಮಾತು. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಸಿಸ್ಟರ್" ಎಂದೆ. ಎಲ್ಲರೂ ಎಂದರೆ ಯಾರು? ಚೀಟಿ ಬರೆಯುವ ಹುಡುಗ, ಕಸ ಗುಡಿಸುವ ಅಮ್ಮ, ಇಬ್ಬರೇ. ಹುಡುಗನಿಗೆ ಬೈಕ್ ಇತ್ತು, ಅಮ್ಮನ ಮನೆ ಹಿಂದಿನ ಬೀದಿಯಲ್ಲಿ. ಮುಂದಿನ ತಿಂಗಳು ಸಿಸ್ಟರ್ ಬೇರೆ ಆಸ್ಪತ್ರೆಗೆ ಸೇರಿದರು. ಅಲ್ಲಿ ಸಂಬಳ ಹೆಚ್ಚು ಕಡಿಮೆ ಇಷ್ಟೇ.

ಅವರು ಹೋದ ಮೇಲೆ ತಿಳಿಯಿತು, ಸಂಬಳಕ್ಕೆ ಸೇರದ ಇನ್ನೊಂದು ಕೆಲಸವನ್ನೂ ಅವರು ಮಾಡುತ್ತಿದ್ದರು. ಬಿ.ಪಿ., ಶುಗರ್ ಮಾತ್ರೆ ತೆಗೆದುಕೊಳ್ಳುವವರು ತಿಂಗಳಿಗೆ ಬರದೇ ಹೋದರೆ ಫೋನ್ ಮಾಡಿ, "ಯಾಕಜ್ಜ, ಮಾತ್ರೆ ಖಾಲಿ ಆಗಿರಬೇಕಲ್ಲ" ಎಂದು ವಿಚಾರಿಸುತ್ತಿದ್ದರು. ನಾನು ಹೇಳಿದ್ದಲ್ಲ, ಅವರೇ ಮಾಡಿಕೊಂಡ ರೂಢಿ. ಅವರು ಹೋದ ನಾಲ್ಕು ತಿಂಗಳಿಗೆ ನನ್ನ ಹಳೆಯ ರೋಗಿಯೊಬ್ಬರನ್ನು ಬಲಗೈ ಬಿದ್ದು, ಮಾತು ತೊದಲುವ ಸ್ಥಿತಿಯಲ್ಲಿ ಮಗ ಎತ್ತಿಕೊಂಡು ಬಂದ. ಪಾರ್ಶ್ವವಾಯು. ಮೂರು ತಿಂಗಳಿಂದ ಬಿ.ಪಿ. ಮಾತ್ರೆ ಬಿಟ್ಟಿದ್ದರು. ನನ್ನ 60 ರೂಪಾಯಿಯಿಂದ ಹೀಗಾಯಿತು ಎಂದು ಹೇಳಲಾರೆ. ಅಲ್ಲ ಎಂದು ಹೇಳಲೂ ನನಗೆ ಧೈರ್ಯವಿಲ್ಲ.

ಆ ಸಿಸ್ಟರ್ ಎರಡು ವರ್ಷದ ಹಿಂದೆ ಮಗಳ ಮದುವೆ ಪತ್ರಿಕೆ ಕೊಡಲು ಬಂದಿದ್ದರು. ಆಗ ಕೇಳಿದೆ. "ದುಡ್ಡಿಗಲ್ಲ ಸಾರ್. ಆವತ್ತು ನಾನು ಮಳೇಲಿ ಆಟೋಗೆ ಕಾಯ್ತಾ ನಿಂತಿದ್ದೆ. ನೀವು ಕಾರಲ್ಲಿ ಹೋಗ್ತಾ ಕೈ ಬೀಸಿ ಹೋದ್ರಿ" ಎಂದು ನಗುತ್ತಲೇ ಹೇಳಿದರು. ನನಗೆ ಅದು ನೆನಪೇ ಇರಲಿಲ್ಲ.

ಹಿಂದೆ ಕಾಯಿದೆ ಬರೆದವರಿಗೆ ಇಂಥ ಸಣ್ಣ ಸಂಗತಿಗಳ ಬೆಲೆ ಗೊತ್ತಿತ್ತು ಎನಿಸುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಬಿಡುವಾದಾಗ ಕೂರಲು ಆಸನ ಇರಬೇಕು, 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನ್ ಇರಬೇಕು ಎಂಬ ನಿಯಮಗಳಿದ್ದವು. ಅಂಗಡಿಗಳ ನೌಕರರಿಗೆ ಕೂರುವ ಹಕ್ಕು ಸಿಗಲು ಕೇರಳದಲ್ಲಿ 2018ರವರೆಗೆ, ತಮಿಳುನಾಡಿನಲ್ಲಿ 2021ರವರೆಗೆ ಕಾಯಬೇಕಾಯಿತು. ದಿನಕ್ಕೆ ಹತ್ತು ಗಂಟೆ ನಿಂತೇ ಸೀರೆ ಬಿಡಿಸಿ ತೋರಿಸುವವರ ಕಾಲಿನಲ್ಲಿ ಉಬ್ಬಿದ ನೀಲಿ ನರಗಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಗಿರಾಕಿ ಇಲ್ಲದಾಗ ಕೂರಲು ಒಂದು ಸ್ಟೂಲ್ ಇದ್ದರೆ ಕಾಲಿಗೆ ಎಷ್ಟೋ ಆರಾಮ. ಅದರ ಬೆಲೆ ನಾನು ಬರೆದುಕೊಡುವ ಒತ್ತುಪಟ್ಟಿಯ ಕಾಲುಚೀಲದ ಬೆಲೆಗಿಂತ ಕಡಿಮೆ.

ಇನ್ನು, ಇಂಥ ನೋವಿನಲ್ಲಿರುವವರು ಏನು ಮಾಡಬೇಕು? ಕೋಪ ಬಂದ ರಾತ್ರಿ ರಾಜೀನಾಮೆ ಬರೆಯಬೇಡಿ. ಬರೆದೇ ತೀರಬೇಕೆನಿಸಿದರೆ ಬರೆದು ಬೀರುವಿನಲ್ಲಿಡಿ, ಎರಡು ವಾರ ಬಿಟ್ಟು ಓದಿ. ಅಷ್ಟರೊಳಗೆ ಒಂದು ಸಲ, ನಾಲ್ಕು ಜನರ ಮುಂದೆ ಅಲ್ಲ, ಮಾಲೀಕರೊಬ್ಬರೇ ಇದ್ದಾಗ ನೇರವಾಗಿ ಕೇಳಿ. ಎಷ್ಟೋ ಸಲ ಅವರಿಗೆ ನಿಮಗೆ ನೋವಾಗಿದೆ ಎಂಬುದೇ ಗೊತ್ತಿರುವುದಿಲ್ಲ, ನನ್ನ ಹಾಗೆ. ಬಿಡುವುದೇ ಸರಿ ಎನಿಸಿದರೆ ಬಿಡಿ. ಕೆಲಸಕ್ಕಿಂತ ಜೀವ ದೊಡ್ಡದು. ಆದರೆ ಕೆಲಸದ ಜೊತೆಗೇ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕಿದ್ದರೆ ಇದನ್ನು ಮೊದಲೇ ಯೋಚಿಸಿ. ಸಂಬಳ ನಿಂತಾಗ ಮನೆಯಲ್ಲಿ ಮೊದಲು ಕಡಿತವಾಗುವುದು ಹಿರಿಯರ ಬಿ.ಪಿ. ಮಾತ್ರೆ. ಅದನ್ನು ಮಾತ್ರ ನಿಲ್ಲಿಸಬೇಡಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ, ವಿಚಾರಿಸಿ.

ಮನೆಯವರಿಗೂ ಒಂದು ಮಾತಿದೆ. ಎರಡು ವಾರ ದಾಟಿದರೂ ಮಂಕು ಕವಿದಂತಿದ್ದು, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, "ಇದ್ದು ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಎದೆಯ ನೋವು ಎಡಗೈಗೋ ದವಡೆಗೋ ಹಬ್ಬಿ ಬೆವರು ಬಂದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ನಮ್ಮ ಸೀರೆ ಅಂಗಡಿಯವರ ರಕ್ತದೊತ್ತಡವನ್ನು ಎರಡು ವಾರದಲ್ಲಿ ಮೂರು ಸಲ ನೋಡಿದೆ. ಮೂರೂ ಸಲ ಹೆಚ್ಚೇ ಇತ್ತು. ಹಾಗಾಗಿ ಮಾತ್ರೆ ಶುರು ಮಾಡಲೇಬೇಕಾಯಿತು. ಅವರ ತಂದೆಗೂ ಬಿ.ಪಿ. ಇತ್ತಂತೆ, ಎಲ್ಲವನ್ನೂ ಕಾಫಿಯ ತಲೆಗೆ ಕಟ್ಟುವಂತಿಲ್ಲ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸಿದೆ. ಬೆಳಗ್ಗೆ ಅರ್ಧ ಗಂಟೆ ನಡೆಯಲು ಹೇಳಿದೆ, ಅದನ್ನು ಅವರು ತಪ್ಪದೆ ಮಾಡುತ್ತಿದ್ದಾರೆ. ಒಂದೂವರೆ ತಿಂಗಳು ಮನೆಯಲ್ಲಿದ್ದು, ನಂತರ ಇನ್ನೊಂದು ಅಂಗಡಿಗೆ ಸೇರಿದರು. ಸಂಬಳ ಮೊದಲಿಗಿಂತ ಎರಡು ಸಾವಿರ ಕಡಿಮೆ.

ಹೋದ ವಾರ ಬಂದಾಗ ರಕ್ತದೊತ್ತಡ 136/84 ಇತ್ತು. ನಿದ್ದೆ ಬರುತ್ತಿದೆ, ತಲೆನೋವು ಬಿಟ್ಟಿದೆ ಎಂದರು. "ಹೊಸ ಅಂಗಡೀಲಿ ಕಾಫಿ ಕೊಡ್ತಾರಾ?" ಎಂದು ಕೇಳಿದೆ, ಈ ಸಲ ನಗದೆ.

"ಇಲ್ಲ ಸಾರ್. ಅಲ್ಲಿ ಯಾರಿಗೂ ಇಲ್ಲ. ಸಾಹುಕಾರ್ರೂ ಮನೆಯಿಂದ ಫ್ಲಾಸ್ಕ್ ತರ್ತಾರೆ, ಒಂದೊಂದು ದಿನ ನನಗೂ ಅರ್ಧ ಲೋಟ ಕೊಡ್ತಾರೆ" ಎಂದರು.

ಮಾತ್ರೆ ಮುಂದುವರಿಸಲು ಬರೆದುಕೊಟ್ಟು, ಒಂದು ತಿಂಗಳು ಬಿಟ್ಟು ಬರಲು ಹೇಳಿ ಕಳಿಸಿದೆ.