ಸದ್ದನ್ನು ಹೀರುವ ತೆಂಗಿನ ನಾರು

ಚಿತ್ರದುರ್ಗದ ಕೋಟೆಯ ಕಲ್ಲುಗೋಡೆಯೆದುರು ನಿಂತು ಚಪ್ಪಾಳೆ ತಟ್ಟಿದರೆ, ಗೋಡೆಯನ್ನು ಮುಟ್ಟಿದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಕಲ್ಲಿನಲ್ಲಿ ಅಡಗುತ್ತದೆ, ಉಳಿದುದೆಲ್ಲ ಹಿಂದಿರುಗುತ್ತದೆ. ಬಯಲಿನಲ್ಲಿ ಇದು ವಿನೋದ. ಕಲ್ಲು, ಗಾರೆಗಳಿಂದಲೇ ಆದ ತರಗತಿಯಲ್ಲಿ ಇದೇ ತೊಂದರೆ. ಉಪಾಧ್ಯಾಯರು ನುಡಿದ ಒಂದು ಅಕ್ಷರ ಅಡಗುವ ಮೊದಲೇ ಮುಂದಿನದು ಅದರ ಮೇಲೆ ಬೀಳುವುದರಿಂದ, ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಹೀಗೆ ಮೂಲವು ನಿಂತ ಮೇಲೂ ಉಳಿಯುವ ಶಬ್ದಕ್ಕೆ ಅನುರಣನವೆಂದು ಹೆಸರು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಅನುರಣನವು ಐದೂವರೆ ಸೆಕೆಂಡುಗಳಷ್ಟು ಉಳಿಯುತ್ತಿತ್ತು. 1895ರಲ್ಲಿ ಇದರ ಪರಿಹಾರ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಆತನು ನೆರೆಯ ನಾಟಕಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ಸದ್ದು ಕಿವಿಗೆ ಕೇಳಿಸದಂತಾಗುವವರೆಗಿನ ಕಾಲವನ್ನು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನ ಸೇರಬೇಕಿತ್ತು! ತೆರೆದ ಕಿಟಕಿಯ ಮೂಲಕ ಹೊರಹೋದ ಸದ್ದು ಮರಳುವುದಿಲ್ಲ. ಆದ್ದರಿಂದ ಅದರ ಹೀರಿಕೆಯನ್ನು ಪೂರ್ಣ 1 ಎಂದೆಣಿಸಿ ಉಳಿದ ವಸ್ತುಗಳನ್ನು ಅದಕ್ಕೆ ಹೋಲಿಸಿದನು.

ಇಂದಿಗೂ ಕ್ರಮ ಇದೇ. ಶಬ್ದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುವ ಕಾಲವನ್ನು ಯಂತ್ರದಿಂದ ಅಳೆಯುತ್ತಾರೆ. ಕೊಠಡಿಯ ಘನ ಮೀಟರುಗಳನ್ನು 0.16ರಿಂದ ಗುಣಿಸಿ ಆ ಸೆಕೆಂಡುಗಳಿಂದ ಭಾಗಿಸಿದರೆ ಒಟ್ಟು ಹೀರಿಕೆ ಚದರ ಮೀಟರುಗಳಲ್ಲಿ ದೊರೆಯುತ್ತದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತೋಟಗಳಲ್ಲಿ ಹೇರಳವಾಗಿ ದೊರೆಯುವ ತೆಂಗಿನ ನಾರನ್ನೇ ಪರೀಕ್ಷಿಸೋಣ. 192 ಘನ ಮೀಟರಿನ ಬರಿಯ ಕೊಠಡಿಯಲ್ಲಿ ಅನುರಣನ 4 ಸೆಕೆಂಡು ಎಂದಿಟ್ಟುಕೊಂಡರೆ ಹೀರಿಕೆ 7.68. ಹನ್ನೆರಡು ಚದರ ಮೀಟರು ನಾರಿನ ದಪ್ಪ ಹಾಸನ್ನು ಗೋಡೆಗೆ ಕಟ್ಟಿದಾಗ ಅದು 2 ಸೆಕೆಂಡಿಗಿಳಿದರೆ ಹೀರಿಕೆ 15.36. ಹೆಚ್ಚಿದ 7.68ನ್ನು ಹನ್ನೆರಡರಿಂದ ಭಾಗಿಸಿದರೆ 0.64, ಇದೇ ನಾರಿನ ಹೀರಿಕೆಯ ಗುಣಾಂಕ.

ಆದರೆ ಈ ಅಂಕಿ ಒಂದು ಸ್ವರಕ್ಕೆ ಮಾತ್ರ ಸಲ್ಲುತ್ತದೆ. ನಾರುಗಳ ಸಂದಿನಲ್ಲಿ ಗಾಳಿ ಹಿಂದುಮುಂದಾಗಿ ಉಜ್ಜುವಾಗ ಶಬ್ದದ ಶಕ್ತಿ ಶಾಖವಾಗುತ್ತದೆ. ಗಟ್ಟಿ ಗೋಡೆಗೆ ತಗುಲಿದಂತಿರುವ ಗಾಳಿ ಚಲಿಸಲಾರದು. ಚಲನೆ ಅತ್ಯಧಿಕವಾಗುವುದು ಗೋಡೆಯಿಂದ ಅಲೆಯ ಉದ್ದದ ಕಾಲುಭಾಗದಷ್ಟು ದೂರದಲ್ಲಿ. ಸೆಕೆಂಡಿಗೆ 2000 ಕಂಪನಗಳ ಸ್ವರಕ್ಕೆ ಇದು ಸುಮಾರು 4 ಸೆಂಟಿಮೀಟರು, 500 ಕಂಪನಗಳಿಗೆ 17. ಆದುದರಿಂದ ಗೋಡೆಗೆ ಅಂಟಿಸಿದ ತೆಳು ಚಾಪೆ ಶಿಳ್ಳೆಯನ್ನು ತಕ್ಕಮಟ್ಟಿಗೆ ನುಂಗಿದರೂ ಗಡಸು ಕಂಠವನ್ನು ಹಾಗೆಯೇ ಬಿಡುತ್ತದೆ. ಅದೇ ಚಾಪೆಯನ್ನು ಮರದ ಚೌಕಟ್ಟಿನ ಮೇಲೆ ಗೋಡೆಯಿಂದ ಒಂದು ಗೇಣು ಈಚೆಗೆ ಕಟ್ಟಿದರೆ, ಹೆಚ್ಚು ನಾರಿನ ವೆಚ್ಚವಿಲ್ಲದೆಯೇ ತಗ್ಗಿನ ಸ್ವರಗಳ ಮೇಲೂ ಅದರ ಹಿಡಿತ ಹೆಚ್ಚುತ್ತದೆ.