ಹೋಟೆಲ್ ಊಟ ಮತ್ತು ಕಣ್ಣಿಗೆ ಕಾಣದ ಉಪ್ಪು

ಉಪ್ಪಿನಬೆಟಗೇರಿಯ ರೈತರೊಬ್ಬರು ಪತ್ನಿಯೊಡನೆ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ರಕ್ತದೊತ್ತಡ ನೋಡಿದರೆ ೧೮೦/೧೧೦! ಅವರ ಅಣ್ಣ ಇದೇ ಕಾಯಿಲೆಯಿಂದ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಹಾಗಾಗಿ ಮನೆಯವರಿಗೆ ಸಹಜವಾಗಿಯೇ ದಿಗಿಲು.

“ಗುಳಗಿ ಒಂದ್ ದಿನಾನೂ ತಪ್ಪಿಸಿಲ್ರೀ ಡಾಕ್ಟರ್ ಸಾಹೇಬ್ರ. ಮನ್ಯಾಗ ಉಪ್ಪೂ ಕಡಿಮಿ ಮಾಡೇನ್ರಿ. ಆದ್ರೂ ಇವರ ಬಿ.ಪಿ. ಇಳೀವಲ್ದು” ಎಂದರು ಪತ್ನಿ.

ವಿಚಾರಿಸಿದಾಗ ಗುಟ್ಟು ಹೊರಬಿತ್ತು. ವ್ಯಾಪಾರದ ಕೆಲಸಕ್ಕೆಂದು ವಾರದಲ್ಲಿ ನಾಲ್ಕು ದಿನ ಇವರು ಅಮರಗೋಳದ ಎ.ಪಿ.ಎಂ.ಸಿ.ಗೆ ಹೋಗುತ್ತಾರೆ. ಬೆಳಿಗ್ಗೆ ಇಡ್ಲಿ-ವಡೆ, ಜೊತೆಗೆ ಎರಡು ಬಟ್ಟಲು ಸಾಂಬಾರು. ಮಧ್ಯಾಹ್ನ ಖಾನಾವಳಿ ಊಟ. ಸಂಜೆ ಗಿರ್ಮಿಟ್, ಮಿರ್ಚಿ ಭಜಿ. ಒಮ್ಮೊಮ್ಮೆ ರಾತ್ರಿ ಸಾವಜಿ ಹೋಟೆಲಿನ ಖಾರದ ಮಟನ್. ಮನೆಯಲ್ಲಿ ಪತ್ನಿ ಉಳಿಸಿದ ಉಪ್ಪೆಲ್ಲ ಪೇಟೆಯಲ್ಲಿ ಹೊಟ್ಟೆ ಸೇರುತ್ತಿತ್ತು!

ಊಟಕ್ಕೆ ಹೆಸರಾದ ಅವಳಿ ನಗರ

ಹುಬ್ಬಳ್ಳಿ-ಧಾರವಾಡದಷ್ಟು ಬಗೆಬಗೆಯ ಊಟ ಸಿಗುವ ಊರುಗಳು ವಿರಳ. ರೊಟ್ಟಿ ಖಾನಾವಳಿಗಳು, ಉಡುಪಿ ಹೋಟೆಲುಗಳು, ಎಸ್.ಎಸ್.ಕೆ. ಸಮಾಜದವರ ಸಾವಜಿ ಅಡುಗೆ, ದುರ್ಗದಬೈಲಿನ ಸಂಜೆಯ ತಿಂಡಿ ಗಾಡಿಗಳು, ಭೌಗೋಳಿಕ ಸೂಚಿಕೆ ಪಡೆದ ಧಾರವಾಡ ಪೇಡೆ. ಇವನ್ನೆಲ್ಲ ಬಿಟ್ಟುಬಿಡಿ ಎಂದು ಹೇಳುವ ವೈದ್ಯನ ಮಾತನ್ನು ಯಾರೂ ಕೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಏನನ್ನು, ಎಷ್ಟು, ವಾರಕ್ಕೆ ಎಷ್ಟು ಸಲ ಎಂಬುದು ತಿಳಿದಿದ್ದರೆ ಸಾಕು.

ಉಪ್ಪು ಮಾಡುವುದೇನು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ೫ ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕು. ನಮ್ಮ ದೇಶದವರು ಸರಾಸರಿ ೮ ಗ್ರಾಂ ತಿನ್ನುತ್ತಾರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿದೆ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ವರ್ಷಗಟ್ಟಲೆ ಹೀಗಾದರೆ ಹೃದಯ, ಮೂತ್ರಪಿಂಡ, ಮೆದುಳಿಗೆ ಅಪಾಯ. ಲಕ್ವಾಕ್ಕೆ ಅಧಿಕ ರಕ್ತದೊತ್ತಡವೇ ಮುಖ್ಯ ಕಾರಣ.

ನಾಲಿಗೆಗೆ ತಿಳಿಯದ ಉಪ್ಪೂ ಇದೆ. ಭಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇರುತ್ತದೆ. ಸಾವಜಿ ಸಾರಿನ ಖಾರ ಅದರ ಉಪ್ಪನ್ನು ಮರೆಮಾಡುತ್ತದೆ. “ನಾವು ಸೈಂಧವ ಲವಣ ಬಳಸುತ್ತೇವೆ” ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ!

ಖಾನಾವಳಿಯ ತಾಟು

ಹೊರಗೆ ಉಣ್ಣಲೇಬೇಕಾದರೆ ನನ್ನ ಮತ ಖಾನಾವಳಿಗೆ. ಜೋಳದ ರೊಟ್ಟಿಯ ಹಿಟ್ಟಿಗೆ ಹಲವರು ಉಪ್ಪನ್ನೇ ಹಾಕುವುದಿಲ್ಲ. ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ೩ ಗ್ರಾಂ ಕೂಡ ಇಲ್ಲ. ಜೊತೆಗೆ ಕಾಳುಪಲ್ಯ, ಮೆಂತ್ಯದ ಸೊಪ್ಪು, ಸೌತೆಕಾಯಿ, ಮೊಸರು. ಖಾನಾವಳಿಯ ಇನ್ನೊಂದು ಅನುಕೂಲವೆಂದರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಬೇರೆಬೇರೆಯಾಗಿ ಬರುತ್ತವೆ. ಬೇಡವೆನ್ನಲು ಅವಕಾಶವಿದೆ. ಸಾಂಬಾರಿನಲ್ಲಿ ಕರಗಿದ ಉಪ್ಪನ್ನು ಹೊರತೆಗೆಯಲಾದೀತೇ?

ನೆನಪಿಡಿ

• ಉಪ್ಪಿನಕಾಯಿ, ಹಪ್ಪಳಗಳಲ್ಲಿ ಒಂದನ್ನಾದರೂ ಬಿಡಿ. ತಾಟಿನ ತುದಿಗೆ ಉಪ್ಪು ಹಾಕಿಸಿಕೊಳ್ಳಬೇಡಿ.
• ಸಾಂಬಾರನ್ನು ಎರಡನೆಯ ಸಲ ಹಾಕಿಸಿಕೊಳ್ಳಬೇಡಿ. ಮಜ್ಜಿಗೆಗೆ ಉಪ್ಪು ಬೇಡವೆನ್ನಿ.
• ಮಿರ್ಚಿ ಭಜಿ ವಾರಕ್ಕೊಮ್ಮೆ ಸಾಕು. ಸಾವಜಿ ಊಟ ತಿಂಗಳಿಗೊಮ್ಮೆ. ಆಗಲೂ ತುಣುಕು ತಿನ್ನಿ, ಎಣ್ಣೆ ತೇಲುವ ರಸ ಬಿಡಿ.
• ಪಥ್ಯ ಮಾಡುತ್ತೇನೆಂದು ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
• ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ. ತಲೆನೋವು ಬರಲೆಂದು ಕಾಯಬೇಡಿ. ಬಹಳ ಜನರಲ್ಲಿ ಇದು ಯಾವ ಲಕ್ಷಣವನ್ನೂ ತೋರದು.

ಆ ರೈತರಿಗೆ ಹೋಟೆಲ್ ಬಿಡಲು ನಾನು ಹೇಳಲಿಲ್ಲ. ತಾಟು ಬದಲಿಸಲು ಹೇಳಿದೆ, ಗುಳಿಗೆಯನ್ನೂ ಸ್ವಲ್ಪ ಸರಿಪಡಿಸಿದೆ. ಮೂರು ತಿಂಗಳ ನಂತರ ರಕ್ತದೊತ್ತಡ ೧೩೮/೮೬ಕ್ಕೆ ಇಳಿದಿತ್ತು.

“ನಮ್ಮೂರ ಹೆಸರಿನಾಗನ ಉಪ್ಪೈತಿ, ಅದನ್ನ ಹ್ಯಾಂಗ ಬಿಡೂದ್ರಿ ಸಾಹೇಬ್ರ?” ಎಂದು ನಕ್ಕರು.

“ಊರ ಹೆಸರಿನಾಗ ಇರ್ಲಿ ಬಿಡ್ರಿ ಯಜಮಾನ್ರ. ತಾಟಿನಾಗ ಕಡಿಮಿ ಇದ್ರ ಸಾಕು” ಎಂದೆ. ಪಕ್ಕದಲ್ಲಿದ್ದ ಪತ್ನಿಯ ಮುಖದಲ್ಲಿ ಅಂದು ದಿಗಿಲಿರಲಿಲ್ಲ.